ಪಿ.ಬಿ. ರಸ್ತೆಯ ಆ ತುದಿ

ದಾವಣಗೆರೆ, ಹರಿಹರದ ಜನರ ಬಾಯಲ್ಲಿ ದಿನಬೆಳಗಾದರೆ ಹಾದುಹೋಗುವ ಹೆಸರು ಪಿ.ಬಿ. ರಸ್ತೆ. ಪಿ. ಎಂದರೆ ಪೂನಾ, ಬಿ. ಎಂದರೆ ಬೆಂಗಳೂರು ಎಂಬುದು ಹಿರಿಯರಿಗೆ ಗೊತ್ತು. ಕಾಲೇಜು ಹುಡುಗರನ್ನು ಕೇಳಿದರೆ ಕೆಲವರಾದರೂ ತಲೆ ಕೆರೆದುಕೊಂಡಾರು. ಹೆದ್ದಾರಿ ಊರ ಹೊರಗೆ ಸರಿದು 48 ಎಂಬ ಸಂಖ್ಯೆ ಪಡೆದಿದೆ. ಅದರ ಒಂದು ತುದಿ ಚೆನ್ನೈ, ಇನ್ನೊಂದು ದೆಹಲಿ. ಇದೇ ರಸ್ತೆಗೆ ಮತ್ತೊಂದು ಹೆಸರೂ ಇದೆಯೆಂಬುದು ಮಾತ್ರ ಬಹಳ ಮಂದಿಗೆ ತಿಳಿಯದು. ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡು, 2005ರಲ್ಲಿ ಒಪ್ಪಂದವಾಗಿ ಜಾರಿಗೆ ಬಂದ ಏಷ್ಯನ್ ಹೆದ್ದಾರಿ ಜಾಲದಲ್ಲಿ ಇದು 47ನೆಯದು. ಬೆಂಗಳೂರಿನಿಂದ ಹೊರಟು ದಾವಣಗೆರೆ, ಹುಬ್ಬಳ್ಳಿ, ಪುಣೆ ದಾಟಿ ಗ್ವಾಲಿಯರ್‌ಗೆ ಹೋಗುತ್ತದೆ. ಅಲ್ಲಿ 43ನೆಯದನ್ನು ಹಿಡಿದು ಆಗ್ರಾ ಮುಟ್ಟಿದರೆ ಒಂದನೇ ಹೆದ್ದಾರಿ ಸಿಗುತ್ತದೆ. ಪೂರ್ವದಲ್ಲಿ ಟೋಕಿಯೊ, ಪಶ್ಚಿಮದಲ್ಲಿ ಇಸ್ತಾಂಬುಲ್ ದಾಟಿ ಬಲ್ಗೇರಿಯಾದ ಗಡಿ!

ನಕ್ಷೆಯ ಮೇಲೆ ಬೆರಳಿಟ್ಟು ನೋಡಿದರೆ, ಬೆಣ್ಣೆ ದೋಸೆ ತಿಂದು ಬೈಕ್ ಹತ್ತಿದವನು ಎಲ್ಲೂ ಇಳಿಯದೆ ಯೂರೋಪಿನ ಬಾಗಿಲಿಗೆ ಹೋಗಿ ನಿಲ್ಲಬಹುದು ಎನ್ನಿಸುತ್ತದೆ. ಬೆರಳಿಗೆ ವೀಸಾ ಬೇಕಿಲ್ಲ ನೋಡಿ.

ಹರಿಹರದ ಒಬ್ಬ ಹುಡುಗ ಹೀಗೆ ಬೆರಳಿಟ್ಟು ನೋಡಿದ. ಆಗ ಅವನು ದಾವಣಗೆರೆಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ. ದಿನಾ ಹದಿನಾಲ್ಕು ಕಿಲೋಮೀಟರ್ ಹೋಗಿ, ಅಷ್ಟೇ ಬರುವವನು. ತಂದೆ ಹರಿಹರದ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತರಾಗಿದ್ದು, ಅದು ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ಲೆಕ್ಕ ಬರೆದು ಸಂಸಾರ ದಾಟಿಸಿದವರು. ಒಂದು ಸಂಜೆ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಕುಳಿತಿದ್ದಾಗ ಹುಡುಗ ವಿಷಯ ಎತ್ತಿದ. ಲಂಡನ್ನಿಗೆ, ಬೈಕಿನಲ್ಲಿ, ರಸ್ತೆಯ ಮೇಲೆಯೇ.

"ಗಾಡಿ ತಗಂಡ್ ಲಂಡನ್ನಿಗಾ?" ಎಂದರು ತಂದೆ. ತಾಯಿ ಏನೂ ಹೇಳಲಿಲ್ಲ. ಅಡುಗೆಮನೆಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಇನ್ನೊಮ್ಮೆ ತೊಳೆದರು.

ಹುಡುಗ ಹುಚ್ಚನೇನಲ್ಲ. ಅವನ ಬಳಿ ಹಿಂದೆ ಹೋಗಿಬಂದವರ ಪಟ್ಟಿಯೇ ಇತ್ತು. 1923ರಲ್ಲಿ ಮುಂಬೈಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟು, ಅವರಲ್ಲಿ ಮೂವರು 1928ರಲ್ಲಿ ಸುತ್ತು ಮುಗಿಸಿ ಮರಳಿದ್ದರು. 1957ರಲ್ಲಿ ಲಂಡನ್ನಿನಿಂದ ಕಲ್ಕತ್ತೆಗೆ ಬಸ್ಸು ಬಂದಿತ್ತು. ವಿಶಾಖಪಟ್ಟಣದ ಭರದ್ವಾಜ ದಯಾಳ 2006ರಲ್ಲಿ ಒಬ್ಬರೇ ಬೈಕ್ ಹತ್ತಿ ಭೂಮಿ ಸುತ್ತಿ ಬಂದರು. ಅಷ್ಟು ದೂರವೇಕೆ, ನೆರೆಯ ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ ಎಂಬ ಹೆಣ್ಣುಮಗಳು ಬೆಂಗಳೂರಿನಿಂದ ಸಿಡ್ನಿಯವರೆಗೆ ಬೈಕಿನಲ್ಲಿ ಹೋದವರು. ಹುಬ್ಬಳ್ಳಿಯ ಹೆಸರು ಕೇಳಿದಾಗ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಒಂದು ಗಳಿಗೆ ನಿಂತಿತಂತೆ.

ಆದರೆ ಆ ಪಟ್ಟಿಯಲ್ಲಿ ಒಂದು ತೊಡಕಿದೆ. ಹಿಂದಿನವರು ಹೋದ ದಾರಿ ಹಾಗೆಯೇ ಇಲ್ಲ. ಇಸ್ತಾಂಬುಲ್, ತೆಹರಾನ್, ಹೆರಾತ್, ಕಾಬೂಲ್, ಪೇಶಾವರ, ಲಾಹೋರ್, ದೆಹಲಿ: ಅರವತ್ತು ಎಪ್ಪತ್ತರ ದಶಕಗಳಲ್ಲಿ ಉದ್ದ ಕೂದಲಿನ ಬಿಳಿಯ ಹುಡುಗ ಹುಡುಗಿಯರು ಹಳೆಯ ಬಸ್ಸು, ವ್ಯಾನುಗಳಲ್ಲಿ ಓಡಾಡಿದ ದಾರಿ ಅದು. 1979ರ ಆರಂಭದಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ವರ್ಷಾಂತ್ಯಕ್ಕೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿತು. ಅಲ್ಲಿಗೆ ಆ ದಾರಿಯ ಕಥೆ ಮುಗಿಯಿತು. ಎಲ್ಲವೂ ತೆರೆದಿದ್ದ ಸುವರ್ಣಯುಗ ಎಂಬುದೊಂದು ಯಾವತ್ತೂ ಇರಲಿಲ್ಲ ಎಂಬುದೂ ನಿಜವೇ. 1973ರಲ್ಲಿ ಲಂಡನ್ನಿನಿಂದ ಹೊರಟು ನಾಲ್ಕು ವರ್ಷ ಮೋಟಾರ್ ಸೈಕಲ್ಲಿನಲ್ಲಿ ಲೋಕ ಸುತ್ತಿದ ಟೆಡ್ ಸೈಮನ್ ಭಾರತಕ್ಕೆ ಬಂದದ್ದು ಮಲೇಷ್ಯಾದ ಪೆನಾಂಗ್‌ನಿಂದ ಮದ್ರಾಸಿಗೆ, ಹಡಗಿನಲ್ಲಿ. ಬರ್ಮಾದ ಬಾಗಿಲು ಆಗಲೂ ಹಾಕಿತ್ತು.

ಹುಡುಗ ಇನ್ನೂರು ಪುಟದ ಒಂದು ನೋಟ್‌ಬುಕ್ ಮಾಡಿಕೊಂಡ. ಒಂದೊಂದು ಗಡಿಗೆ ಎರಡೆರಡು ಪುಟ. ಎಡಗಡೆ ನಿಯಮ, ಬಲಗಡೆ ತಾರೀಕು ಸಮೇತ ಬದಲಾವಣೆ. ಮೂರು ತಿಂಗಳಲ್ಲಿ ಬಲಗಡೆಯ ಪುಟಗಳು ತುಂಬಿದವು.

ಮೊದಲ ಪುಟ ಅಟಾರಿ. ಅಲ್ಲಿ ಬೈಕ್ ಸಮೇತ ಆಚೆ ಹೋಗಬೇಕಾದರೆ ಎರಡೂ ಸರ್ಕಾರಗಳ ವಿಶೇಷ ಅನುಮತಿ ಬೇಕು ಎಂದು ಬರೆದಿದ್ದ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಹತ್ಯೆಯಾಯಿತು. ಮರುದಿನವೇ ಭಾರತ ಅಟಾರಿ ಠಾಣೆಯನ್ನು ಮುಚ್ಚುವುದಾಗಿ ಸಾರಿತು. ಹುಡುಗ ಇಡೀ ಪುಟಕ್ಕೆ ಅಡ್ಡಗೆರೆ ಎಳೆದ.

ಎರಡನೆಯದು ಮಣಿಪುರದ ಮೋರೆ. 2018ರಲ್ಲಿ ಭಾರತ, ಮ್ಯಾನ್ಮಾರ್ ಒಪ್ಪಂದ ಮಾಡಿಕೊಂಡು ಅಲ್ಲಿ ಪಾಸ್‌ಪೋರ್ಟ್, ವೀಸಾ ಇದ್ದವರಿಗೆ ದಾರಿ ಬಿಟ್ಟಿದ್ದವು. ಮಾರ್ಗದರ್ಶಿಯನ್ನು ಜೊತೆಗಿಟ್ಟುಕೊಂಡು, ಮೊದಲೇ ಅನುಮತಿ ಪಡೆದು ಹೋಗುವ ಏರ್ಪಾಡು. 2021ರ ಫೆಬ್ರುವರಿಯಲ್ಲಿ ಅಲ್ಲಿ ಸೇನೆ ಅಧಿಕಾರ ಹಿಡಿಯಿತು; 2023ರ ಮೇ ತಿಂಗಳಲ್ಲಿ ಈ ಕಡೆ ಮಣಿಪುರವೇ ಹೊತ್ತಿ ಉರಿಯಿತು. ಇನ್ನೊಂದು ಸಂಗತಿ ಕೇಳಿ ತಂದೆ ನಕ್ಕರು. ವಿದೇಶದ ಮಾತಿರಲಿ, ಮೋರೆ ತಲುಪಲು ದಾಟಬೇಕಾದ ನಾಗಾಲ್ಯಾಂಡ್, ಮಣಿಪುರಗಳಿಗೂ ಹರಿಹರದವನಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು. 1873ರಲ್ಲಿ ಬ್ರಿಟಿಷರು ಮಾಡಿದ ಕಾಯಿದೆಯಿಂದ ಬಂದ ಪದ್ಧತಿ ಅದು. ಮಣಿಪುರಕ್ಕೆ ಅನ್ವಯಿಸಿದ್ದು 2019ರ ಡಿಸೆಂಬರಿನಲ್ಲಿ.

ಮೂರನೆಯದು ನೇಪಾಳದ ಮೂಲಕ ಟಿಬೆಟ್. ಚೀನಾದಲ್ಲಿ ನಮ್ಮ ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಬೆಲೆಯಿಲ್ಲ. ಅವರದೇ ತಾತ್ಕಾಲಿಕ ಲೈಸೆನ್ಸ್, ಅವರದೇ ನಂಬರ್ ಪ್ಲೇಟು, ದಾರಿಯುದ್ದಕ್ಕೂ ಜೊತೆಗೆ ಅವರ ಮಾರ್ಗದರ್ಶಿ. ಖರ್ಚು ಹಂಚಿಕೊಳ್ಳಲು ಹತ್ತು ಜನರಾದರೂ ಇರಬೇಕು. ಒಂಟಿ ಸವಾರನಿಗೆ ಎಟಕುವ ಹಣ್ಣಲ್ಲ ಅದು.

ಇನ್ನುಳಿದದ್ದು ಸಮುದ್ರ. ಬೈಕನ್ನು ಮುಂಬೈಯಲ್ಲಿ ಹಡಗಿಗೆ ಹಾಕಿ ದುಬೈ, ಅಲ್ಲಿಂದ ಇನ್ನೊಂದು ಹಡಗಿನಲ್ಲಿ ಇರಾನಿನ ಬಂದರ್ ಅಬ್ಬಾಸ್, ಆಮೇಲೆ ತುರ್ಕಿಯವರೆಗೆ ರಸ್ತೆ. ಇರಾನ್ 2024ರ ಫೆಬ್ರುವರಿಯಲ್ಲಿ ಭಾರತೀಯರಿಗೆ ವೀಸಾ ಬೇಡವೆಂದಾಗ ಕಾಲೇಜಿನ ಗೆಳೆಯರು ಸಂಭ್ರಮಪಟ್ಟರಂತೆ. ಆದೇಶವನ್ನು ಕೊನೆಯ ಸಾಲಿನವರೆಗೆ ಓದಿದವನು ಇವನೊಬ್ಬನೇ. ಆ ಸೌಲಭ್ಯ ವಿಮಾನದಲ್ಲಿ ಬಂದಿಳಿದವರಿಗೆ ಮಾತ್ರ, ಅದೂ 15 ದಿನ. ನೆಲದ ಮೇಲೋ ನೀರಿನ ಮೇಲೋ ಬಂದವನಿಗೆ ಅಲ್ಲ.

ಇದನ್ನೆಲ್ಲ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ ಅಜ್ಜಿ ಒಂದು ದಿನ ಬಾಯಿ ಹಾಕಿದಳು. "ನಮ್ಮ ಹೊಳೀನೂ ಗಡೀನೇ ಆಗಿತ್ತಲ್ಲೋ" ಎಂದಳು.

ಅಜ್ಜಿಯ ತವರು ತುಂಗಭದ್ರೆಯ ಆಚೆ ದಡದ ಹಳ್ಳಿ. ಹೊಳೆಯ ಈಚೆ ಹರಿಹರ ಮೈಸೂರು ಮಹಾರಾಜರದು; ಆಚೆ ರಾಣೆಬೆನ್ನೂರು ಸೀಮೆ ಧಾರವಾಡ ಜಿಲ್ಲೆಗೆ ಸೇರಿ ಮುಂಬೈ ಸರ್ಕಾರದ ಕೈಯಲ್ಲಿತ್ತು. ಎರಡೂ ದಡದಲ್ಲಿ ಒಂದೇ ಮಾತು, ಒಂದೇ ರೊಟ್ಟಿ, ಕೊಟ್ಟು ತರುವ ಸಂಬಂಧ. ಆದರೂ ಯುದ್ಧಕಾಲದ ರೇಷನ್ ದಿನಗಳಲ್ಲಿ ಅಜ್ಜಿಯ ಅಪ್ಪ, ಈಚೆ ದಡದ ಬೀಗರ ಮನೆಗೆಂದು ಒಂದು ಚೀಲ ಜೋಳವನ್ನು ಸೇತುವೆ ದಾಟಿಸಲು ಹೋಗಿ ಸಿಕ್ಕಿಬಿದ್ದು, ಇಡೀ ದಿನ ಚಾವಡಿಯಲ್ಲಿ ಕೂತು ಬಂದಿದ್ದನಂತೆ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗಿ ಆ ಗಡಿ ಅಳಿಸಿಹೋಯಿತು. ಈಗ ಸೇತುವೆ ದಾಟುವ ಬಸ್ಸಿನಲ್ಲಿ ಯಾರೂ ತಲೆ ಎತ್ತಿ ಸಹ ನೋಡುವುದಿಲ್ಲ. ಹರಿಹರದ ದೇವರ ಕಥೆಯಲ್ಲೂ ಇಂಥದ್ದೇ ಒಂದು ಪೇಚು. ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂಬ ವರ ಪಡೆದ ಗುಹಾಸುರನ ಮುಂದೆ ಒಬ್ಬರ ರುಜು ನಡೆಯಲಿಲ್ಲ. ಇಬ್ಬರೂ ಒಂದೇ ಮೈಯಾಗಿ ಬರಬೇಕಾಯಿತು. ಎರಡು ಸರ್ಕಾರಗಳ ಮೊಹರು ಒಂದೇ ಕಾಗದದ ಮೇಲೆ ಬೀಳಿಸುವುದು ದೇವರಿಗೂ ಸುಲಭವಿರಲಿಲ್ಲ ಎನ್ನಿ.

ಗಡಿಗಳ ಮಾತು ಹುಡುಗನದಾದರೆ ಹಣದ ಮಾತು ತಂದೆಯದು. ಅದು ಬಂದದ್ದು ಕಾರ್ನೆ ಎಂಬ ಫ್ರೆಂಚ್ ಹೆಸರಿನ ಪುಸ್ತಕದ ಮೂಲಕ.

ಪಾಸ್‌ಪೋರ್ಟ್ ಮನುಷ್ಯನಿಗಾದರೆ, ಕಾರ್ನೆ ಗಾಡಿಗೆ. ಒಂದು ದೇಶಕ್ಕೆ ಬೈಕ್ ಒಯ್ದು ಅಲ್ಲೇ ಮಾರಿಬಿಟ್ಟರೆ ಆ ದೇಶಕ್ಕೆ ಆಮದು ಸುಂಕ ನಷ್ಟ. ಹಾಗಾಗದಂತೆ, 'ಈ ಗಾಡಿ ಹೊರಗೆ ಹೋಗಿಯೇ ಹೋಗುತ್ತದೆ, ಹೋಗದಿದ್ದರೆ ಸುಂಕ ನಾವು ಕಟ್ಟುತ್ತೇವೆ' ಎಂದು ಸವಾರನ ದೇಶದ ಆಟೊಮೊಬೈಲ್ ಸಂಘವೊಂದು ಬರೆದುಕೊಡುವ ಹೊಣೆಪತ್ರವೇ ಕಾರ್ನೆ. ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಇಂಥ ಪುಸ್ತಕ ಕೊಡುವ ಸಂಸ್ಥೆಗಳಲ್ಲೊಂದು. ವರ್ಷದ ಅವಧಿ, 5, 10 ಅಥವಾ 25 ಪುಟ, ಒಂದು ದೇಶಕ್ಕೆ ಒಂದು ಪುಟ. ಪ್ರತಿ ಪುಟದಲ್ಲೂ ಮೂರು ಭಾಗ. ಒಳಹೋಗುವಾಗ ಒಂದನ್ನು ಕಸ್ಟಮ್ಸಿನವರು ಹರಿದುಕೊಳ್ಳುತ್ತಾರೆ, ಹೊರಬರುವಾಗ ಇನ್ನೊಂದನ್ನು. ಎರಡೂ ಮೊಹರು ಬಿದ್ದ ಮೂರನೆಯ ಭಾಗ ಪುಸ್ತಕದಲ್ಲೇ ಉಳಿಯುತ್ತದೆ.

ಇರಾನ್‌ನಂಥ ದೇಶಗಳಲ್ಲಿ ಕಾರ್ನೆ ಇಲ್ಲದೆ ಗಾಡಿ ಬಿಡುವುದಿಲ್ಲ. ಸಂಘವಾದರೂ ಪುಕ್ಕಟೆಯಾಗಿ ಹೊಣೆ ಹೊರುತ್ತದೆಯೇ? ಗಾಡಿಯ ಬೆಲೆ, ಹೋಗುವ ದೇಶಗಳಲ್ಲಿ ಅತಿ ಹೆಚ್ಚು ಸುಂಕ ಎಲ್ಲಿದೆ ಎಂಬುದನ್ನು ನೋಡಿ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳುತ್ತದೆ. ಕೆಲವು ದೇಶಗಳ ಸುಂಕ ಗಾಡಿಯ ಬೆಲೆಯನ್ನೂ ಮೀರುವುದುಂಟು. ಹರಿಹರದ ಆ ಮನೆಯಲ್ಲಿ ಗ್ಯಾರಂಟಿಗೆ ಇಡಬಹುದಾದದ್ದು ಒಂದೇ ಒಂದು: ತಂದೆಯ ಹೆಸರಿನಲ್ಲಿದ್ದ ನಿಶ್ಚಿತ ಠೇವಣಿ. ಅದು ಕಾರ್ಖಾನೆಯಿಂದ ಕೊನೆಗೆ ಬಂದ ಹಣ. ಮಗಳ ಮದುವೆಗೆಂದು ಇಟ್ಟದ್ದು.

ಹುಡುಗ ಇದನ್ನು ವಿವರಿಸಲು ಎರಡು ದಿನ ತಯಾರಿ ನಡೆಸಿದ್ದ. ತಂದೆಗೆ ಅರ್ಥವಾಗಲು ಎರಡು ನಿಮಿಷ ಸಾಕಾಯಿತು.

"ಇದು ರಿಟರ್ನಬಲ್ ಗೇಟ್ ಪಾಸ್ ಕಣಪ್ಪ" ಎಂದರು.

ಕಾರ್ಖಾನೆಯಲ್ಲಿ ಅವರು ಬರೆಯುತ್ತಿದ್ದದ್ದೇ ಅದು. ಒಂದು ಡೈ ಅನ್ನೋ ಮೋಟಾರನ್ನೋ ರಿಪೇರಿಗೆ ಹೊರಗೆ ಕಳಿಸಬೇಕಾದರೆ ಮೂರು ಪ್ರತಿಯ ಪಾಸು. ಒಂದು ಗೇಟಿನ ಸೆಕ್ಯುರಿಟಿಗೆ, ಒಂದು ಸಾಮಾನು ಒಯ್ಯುವವನಿಗೆ, ಒಂದು ಪುಸ್ತಕದಲ್ಲಿ. ಸಾಮಾನು ವಾಪಸು ಬಂದ ದಿನ ಪುಸ್ತಕದ ಪ್ರತಿಯ ಮೇಲೆ ರುಜು ಬಿದ್ದರೆ ಲೆಕ್ಕ ಚುಕ್ತಾ. ಬೀಳದಿದ್ದರೆ ಆಡಿಟ್ ಹೊತ್ತಿಗೆ ಗುಮಾಸ್ತನ ಕುತ್ತಿಗೆಗೆ ಬರುತ್ತದೆ. ಒಮ್ಮೆ ದಾವಣಗೆರೆಯ ವರ್ಕ್‌ಶಾಪಿನಿಂದ ಒಂದು ಡೈ ವಾಪಸು ಬಂದಿತ್ತು, ಆದರೆ ಗೇಟಿನಲ್ಲಿ ಒಳಬಂದ ಮೊಹರು ಹಾಕಿಸುವುದು ಬಿಟ್ಟುಹೋಗಿತ್ತು. ಡೈ ಕಣ್ಣೆದುರು ರ‍್ಯಾಕಿನಲ್ಲಿದ್ದರೂ ಕಾಗದದ ಪ್ರಕಾರ ಅದು ಕಳೆದುಹೋಗಿತ್ತು! ಎಂಟು ತಿಂಗಳು ವಿವರಣೆ ಬರೆದರಂತೆ.

ಕಾರ್ನೆಯ ಅಪಾಯವೂ ಹೆಚ್ಚುಕಡಿಮೆ ಇದೇ. ಗಾಡಿ ಕಳುವಾಗಬೇಕೆಂದೇನಿಲ್ಲ, ಯಾವುದೋ ಗಡಿಯಲ್ಲಿ ಮಧ್ಯರಾತ್ರಿ ನಿದ್ದೆಗಣ್ಣಿನ ಅಧಿಕಾರಿ ಹೊರಹೋದ ಮೊಹರು ಒತ್ತುವುದನ್ನು ಮರೆತರೂ ಆ ದೇಶದ ಲೆಕ್ಕದಲ್ಲಿ ಬೈಕ್ ಅಲ್ಲೇ ಉಳಿದಂತೆ. ತಂದೆ ಮಗನನ್ನು ಪರೀಕ್ಷೆಗೆ ಕೂರಿಸಿದರು. ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿಯಲ್ಲಿ ಹೇಗಿದೆಯೋ ಕಾರ್ನೆಯಲ್ಲೂ ಹಾಗೆಯೇ ಇರಬೇಕಲ್ಲ, ಒಂದಕ್ಷರ ತಪ್ಪಿದರೆ? ಗಾಡಿ ಕೆಟ್ಟು, ಅದನ್ನು ಬಿಟ್ಟು ನೀನೊಬ್ಬನೇ ಬರಬೇಕಾದರೆ? ಗಾಡಿಯ ಮೇಲಿನ ಸಾಲ ತೀರಿಲ್ಲವಲ್ಲ, ಸಾಲ ಕೊಟ್ಟವರ ಒಪ್ಪಿಗೆಪತ್ರ ಎಲ್ಲಿ? ಹುಡುಗನ ನೋಟ್‌ಬುಕ್ಕಿನಲ್ಲಿ ಹಿಮಾಲಯದ ಕಣಿವೆಗಳ ಎತ್ತರಗಳಿದ್ದವು, ಪೆಟ್ರೋಲಿನ ಲೆಕ್ಕವಿತ್ತು, ಟೈರಿನ ಒತ್ತಡವಿತ್ತು. ಈ ಪ್ರಶ್ನೆಗಳಿಗೆ ಒಂದು ಪುಟವೂ ಇರಲಿಲ್ಲ. ಅಂದು ರಾತ್ರಿ ತಂದೆ ಮಗ ಹೊಸ ಪುಟ ತೆರೆದು ಕುಳಿತರು. ಲಂಡನ್ನಿಗೆ ಹೋಗಲು ಒಪ್ಪಿದ್ದೇನೆಂದು ತಂದೆ ಹೇಳಿರಲಿಲ್ಲ, ಮಗನೂ ಕೇಳಲಿಲ್ಲ. ಕಾಗದದ ಮಾತು ಬಂದರೆ ಸ್ಟೋರ್ಸ್ ಗುಮಾಸ್ತರಿಗೆ ಸುಮ್ಮನಿರಲು ಆಗುವುದಿಲ್ಲ, ಅಷ್ಟೆ.

ಉಳಿದ ಕಾಗದಗಳು ಅಷ್ಟು ಕಠಿಣವಲ್ಲ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ದಾವಣಗೆರೆಯ ಆರ್‌ಟಿಒ ಕಚೇರಿಯಲ್ಲೇ ಸಿಗುತ್ತದೆ. ನಮೂನೆ 4ಎ, ಒಂದು ವರ್ಷದ ಅವಧಿ. ವಿಮೆಯ ವಿಷಯ ಬಹಳ ವಿದ್ಯಾರ್ಥಿಗಳಿಗೆ ಗೊತ್ತಿರುವುದಿಲ್ಲ. ನಮ್ಮ ಬೈಕ್ ವಿಮೆ ಭಾರತದ ಗಡಿಯಲ್ಲಿ ನಿಂತುಬಿಡುತ್ತದೆ. ಹೆಚ್ಚಿನ ಕಂತು ಕಟ್ಟಿದರೆ ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಗಳಿಗೆ ವಿಸ್ತರಿಸಬಹುದು. ಹೌದು, ಪಾಕಿಸ್ತಾನದ ಹೆಸರೂ ಆ ಪಟ್ಟಿಯಲ್ಲಿದೆ! ಅದಕ್ಕೂ ಆಚೆ ಹೋದರೆ ಆಯಾ ದೇಶದ ಗಡಿಯಲ್ಲೇ ವಿಮೆ ಕೊಳ್ಳಬೇಕು.

ತಂದೆ ಒಂದು ಷರತ್ತು ಹಾಕಿದರು. "ಮೊದ್ಲು ಒಂದು ಗಡಿ ದಾಟಿ ಬಾ. ಎಫ್‌ಡಿ ಮುಟ್ಟದಂಗೆ."

ಅಂಥ ಗಡಿ ಇರುವುದು ಒಂದೇ ದಿಕ್ಕಿನಲ್ಲಿ. 1950ರ ಒಪ್ಪಂದದ ಪುಣ್ಯದಿಂದ ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ; ರಸ್ತೆಯಲ್ಲಿ ಹೋದರೆ ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ. ಗಾಡಿಗೆ ಮಾತ್ರ ಕಸ್ಟಮ್ಸಿನಲ್ಲಿ ದಿನದ ಲೆಕ್ಕದಲ್ಲಿ ಹಣ ಕಟ್ಟಿ 'ಭನ್ಸಾರ್' ಎಂಬ ಚೀಟಿ ಪಡೆಯಬೇಕು. 2025ರ ಜುಲೈಯಲ್ಲಿ, ಪರೀಕ್ಷೆ ಮುಗಿಸಿ ಕೆಲಸಕ್ಕೆ ಸೇರುವ ಮುನ್ನ, ಹುಡುಗ ಗೋರಖಪುರದ ಮೇಲೆ ಸುನೌಲಿಗೆ ಹೋಗಿ ಗಡಿ ದಾಟಿದ. ಮಳೆಗಾಲದಲ್ಲಿ ನೇಪಾಳಕ್ಕೆ ಹೋಗುವುದು ಜಾಣತನವಲ್ಲವೆಂದು ಅವನ ನೋಟ್‌ಬುಕ್ಕೇ ಹೇಳುತ್ತಿತ್ತು. ಆದರೆ ಕೆಲಸಕ್ಕೆ ಸೇರುವ ತಾರೀಕು ಮಳೆಯನ್ನು ಕೇಳಿ ನಿಗದಿಯಾಗಿರಲಿಲ್ಲ.

ಅವನು ಆ ದೇಶದಲ್ಲಿದ್ದಾಗಲೇ, ಜುಲೈ 8ರಂದು, ಟಿಬೆಟ್ ಕಡೆಯಿಂದ ಬಂದ ಪ್ರವಾಹ ರಸುವಾಗಢಿಯ ಗಡಿ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಟಿಬೆಟಿನ ಪುಟದಲ್ಲಿ ಅವನು ಗುರುತು ಹಾಕಿಕೊಂಡಿದ್ದ ಸೇತುವೆಯೇ ಅದು. ಹರಿಹರದಲ್ಲಿ ಟಿವಿ ನೋಡಿದ ತಾಯಿ ಅಂದು ಅನ್ನ ಮುಟ್ಟಲಿಲ್ಲ. ಹುಡುಗ ಅಲ್ಲಿಂದ ಬಹು ದೂರ, ಪೋಖರಾದಲ್ಲಿ ಕ್ಷೇಮವಾಗಿದ್ದ. ಸಂಜೆ ಫೋನು ಬಂದಾಗ ತಾಯಿ ಕೇಳಿದ್ದು ಒಂದೇ ಮಾತು: "ಊಟ ಮಾಡಿದ್ಯಾ?"

ವಾಪಸು ಬರುವಾಗ ಗುಡ್ಡ ಜಾರಿ ರಸ್ತೆ ಕಟ್ಟಿಕೊಂಡಿತು. ಏಳು ದಿನಕ್ಕೆ ಪಡೆದ ಭನ್ಸಾರ್. ಗಡಿ ಮುಟ್ಟಿದ್ದು ಎಂಟನೆಯ ದಿನ. ದಂಡ ಕಟ್ಟಿ ಬಂದ. ಮನೆಯಲ್ಲಿ ತಂದೆ ಫೋಟೊಗಳನ್ನು ಆಮೇಲೆ ನೋಡಿದರು. ಮೊದಲು ಕೇಳಿದ್ದು ಚೀಟಿಗಳನ್ನು. ಒಂದೊಂದನ್ನೇ ಬೆಳಕಿಗೆ ಹಿಡಿದು, ಮೊಹರಿನ ತಾರೀಕು ಓದಿ, ದಂಡದ ರಸೀದಿಯನ್ನು ಅದರ ಭನ್ಸಾರ್ ಚೀಟಿಗೆ ಪಿನ್ ಮಾಡಿದರು. ಹುಡುಗ ಒಂದೂ ಕಳೆದಿರಲಿಲ್ಲ.

ಆಗಸ್ಟಿನಲ್ಲಿ ಹುಡುಗ ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ. ಸೆಪ್ಟೆಂಬರಿನಲ್ಲಿ ಕಠ್ಮಂಡುವಿನಲ್ಲಿ ಯುವಕರು ದಂಗೆಯೆದ್ದು ಸರ್ಕಾರವೇ ಉರುಳಿತು. ತಾಯಿ ಆ ದಿನದ ಪತ್ರಿಕೆಯನ್ನು ಮಡಚಿ ತೆಗೆದಿಟ್ಟರು, ಯಾರಾದರೂ ಮತ್ತೆ ವಿಷಯ ಎತ್ತಿದರೆ ಇರಲಿ ಎಂದು. ನವೆಂಬರಿನಲ್ಲಿ ಇರಾನ್, ಭಾರತೀಯರಿಗೆ ಕೊಟ್ಟಿದ್ದ ಆ ವೀಸಾ ವಿನಾಯಿತಿಯನ್ನೂ ಹಿಂದಕ್ಕೆ ತೆಗೆದುಕೊಂಡಿತು. ನೋಟ್‌ಬುಕ್ಕಿನ ಬಲಗಡೆ ಇನ್ನೊಂದು ಸಾಲು.

ಒಂದು ಭಾನುವಾರ ಹುಡುಗ ಊರಿಗೆ ಬಂದಾಗ ಪಾಸ್‌ಬುಕ್ ತೋರಿಸಿದ. ಸಂಬಳದಲ್ಲಿ ಉಳಿಸಲು ಶುರುಮಾಡಿದ್ದ. ಗ್ಯಾರಂಟಿಗೆ ಸಾಕಾಗುವಷ್ಟಾಗಲು ಎರಡೂವರೆ ವರ್ಷ ಬೇಕು, ಅಪ್ಪಾಜಿ, ನಿಮ್ಮ ಎಫ್‌ಡಿ ಬೇಡ, ಎಂದ. ಅಷ್ಟರಲ್ಲಿ ಯಾವ ಬಾಗಿಲು ತೆರೆಯುತ್ತದೋ, ಯಾವುದು ಮುಚ್ಚುತ್ತದೋ ಎಂದೂ ಹೇಳಿದ.

ತಂದೆ ಕನ್ನಡಕ ಹಾಕಿಕೊಂಡು ನೋಟ್‌ಬುಕ್ ಎಳೆದುಕೊಂಡರು. ದೇಶಗಳ ಹೆಸರುಗಳ ಮೇಲೆ ಪೆನ್ನಿನ ತುದಿ ಇಟ್ಟು ಎಣಿಸಿದರು. ಹೋಗುವಾಗ ಎಷ್ಟು, ಬರುವಾಗ ಎಷ್ಟು.

"ಐದು ಪುಟದ್ದು ತಗಂಡ್ರೆ ಸಾಲಲ್ಲ. ಹತ್ತರದ್ದಕ್ಕೆ ಎಷ್ಟು ಅಂತ ಕೇಳಿದ್ಯಾ?" ಎಂದರು.